ಕಚ್ಚಿಕೊಂಡ ಬಳೆ

ಆಷಾಢದಲ್ಲಿ ಮಾಲೇಕಲ್ಲು ತಿರುಪತಿಯ ತೇರೆಂದರೆ ಚಿಕ್ಕಂದಿನಲ್ಲಿ ನನಗೆ ದೇವರಿಗಿಂತ ಬಳೆಗಾರರ ಸಾಲೇ ಮುಖ್ಯವಾಗಿತ್ತು. ಬೆಟ್ಟದ ಸಾವಿರಕ್ಕೂ ಮೀರಿದ ಮೆಟ್ಟಿಲು ಹತ್ತಿಳಿದು ಕಾಲು ಸೋತಿದ್ದರೂ ಅಲ್ಲಿಗೆ ಓಡುತ್ತಿದ್ದೆ. ಬಳೆಗಾರ್ತಿ ಕೈಯನ್ನು ಹಿಡಿದು ಮೆತ್ತಗೆ ಹಿಸುಕಿ, “ಕೈ ಸಡಿಲ ಬಿಡವ್ವ” ಎನ್ನುತ್ತಾ ಯಾವುದೋ ಮಾಯದಲ್ಲಿ ಬಳೆ ಏರಿಸಿಬಿಡುತ್ತಿದ್ದಳು. ಅದೇ ಬಳೆಯನ್ನು ಮನೆಯಲ್ಲಿ ನಾನೇ ತೆಗೆಯಲು ಹೋದರೆ ಗೆಣ್ಣಿನ ಹತ್ತಿರ ಕಚ್ಚಿಕೊಂಡು ನಿಲ್ಲುತ್ತಿತ್ತು. ಎಳೆದಷ್ಟೂ ಕೈ ಊದಿಕೊಳ್ಳುತ್ತಿತ್ತು. ಕೊನೆಗೆ ಅಮ್ಮ ಸೋಪಿನ ನೀರು ತರಬೇಕಾಗುತ್ತಿತ್ತು.

ಯಂತ್ರಗಳಿಗೂ ಬಳೆಗಳಿವೆ, ಅವೂ ಹೀಗೆಯೇ ಕಚ್ಚಿಕೊಳ್ಳುತ್ತವೆ ಎಂದು ನನಗೆ ತಿಳಿದದ್ದು ಮಾತ್ರ ಐವತ್ತು ದಾಟಿದ ಮೇಲೆ.

ಬೆಟ್ಟದ ತಪ್ಪಲಿನ ನಮ್ಮೂರಿನಲ್ಲಿ ಅಪ್ಪನದೊಂದು ಹಿಟ್ಟಿನ ಗಿರಣಿ ಇತ್ತು. ರಾಗಿ, ಜೋಳ, ಮೆಣಸಿನಕಾಯಿ ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ಅಪ್ಪ 2016ರಲ್ಲಿ ತೀರಿಕೊಂಡರು. ವರ್ಷ ಕಳೆಯುವುದರೊಳಗೆ ಗಿರಣಿಗೆ ಬೀಗ ಬಿತ್ತು. ಪ್ಯಾಕೆಟ್ ಹಿಟ್ಟಿನ ಕಾಲ ಬಂತೆಂದು ಊರವರಿಗೆ ಹೇಳುತ್ತಿದ್ದೆವು. ನಿಜವಾದ ಕಾರಣ ನನ್ನ ಮತ್ತು ತಮ್ಮನ ನಡುವಿನ ಕಾಗದ. ಪಾಲು ಬೇಡವೆಂದು ನಾನು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕೆಂದು ಅವನು ಬಯಸಿದ. ನಾನು ಹಾಕಲಿಲ್ಲ. ಅಪ್ಪನ ಸ್ವಂತ ಗಳಿಕೆಯಲ್ಲಿ ಹೆಂಡತಿ, ಮಗ, ಮಗಳು ಎಲ್ಲರಿಗೂ ಸಮಪಾಲು ಎಂದು 1956ರ ಕಾಯ್ದೆಯೇ ಹೇಳಿದೆ. ಪಿತ್ರಾರ್ಜಿತದಲ್ಲೂ ಮಗಳು ಮಗನಿಗೆ ಸಮ ಎಂದು 2005ರ ತಿದ್ದುಪಡಿ ಹೇಳಿದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ತಮ್ಮನ ಎದುರು ಕುಳಿತು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಹಾಗಾಗಿ ಅಮ್ಮನಿಗೆ ಹೇಳುತ್ತಿದ್ದೆ. ಅರಸೀಕೆರೆಯ ಮನೆಯಿಂದ ಫೋನು ಮಾಡಿ, “ನಿನ್ನ ಮಗನಿಗೆ ಹೇಳು” ಎನ್ನುತ್ತಿದ್ದೆ. ಅವನೂ, “ನಿನ್ನ ಮಗಳಿಗೆ ನೀನೇ ಬುದ್ಧಿ ಹೇಳು” ಎನ್ನುತ್ತಿದ್ದನಂತೆ. ಹೀಗೆ ಆರು ವರ್ಷ ಕಳೆಯಿತು.

ಮಳೆಗೆ ಗಿರಣಿಯ ಹೆಂಚು ಸರಿದು ಯಂತ್ರದ ಮೇಲೆ ನೀರು ಬೀಳುತ್ತಿದೆ ಎಂದು ಅಮ್ಮ ಅತ್ತದ್ದರಿಂದ 2023ರಲ್ಲಿ ನಾವಿಬ್ಬರೂ ಅಲ್ಲಿ ಸೇರಿದೆವು. ಮಾತಿಲ್ಲ. ಮೋಟಾರು ಬಿಚ್ಚಲು ಪಟ್ಟಣದಿಂದ ವಯಸ್ಸಾದ ಫಿಟ್ಟರೊಬ್ಬರು ಬಂದಿದ್ದರು. ಅವರು ಬರುವ ಮೊದಲೇ ತಮ್ಮ ತಾನೇ ಒಂದು ಕೈ ನೋಡಿದ್ದ. ಬೇರಿಂಗಿನ ಹೊರಬಳೆ ಕಿತ್ತು ಬಂದು, ಒಳಬಳೆ ಮಾತ್ರ ಶಾಫ್ಟಿಗೆ ಅಂಟಿ ಕುಳಿತಿತ್ತು. ಗುಂಡುಗಳು ನೆಲದಲ್ಲಿ ಚೆಲ್ಲಿದ್ದವು.

ಬೇರಿಂಗ್ ಎಂದರೆ ಏನೆಂದು ನಮ್ಮಂಥವರಿಗೆ ಹೇಗೆ ತಿಳಿಯಬೇಕು? ಸುಲಭ. ಒಂದರೊಳಗೊಂದು ಎರಡು ಉಕ್ಕಿನ ಬಳೆ, ನಡುವೆ ಉಕ್ಕಿನ ಗುಂಡುಗಳು. ಒಳಬಳೆ ಶಾಫ್ಟನ್ನು ಬಿಗಿಯಾಗಿ ಅಪ್ಪಿಕೊಂಡು ಅದರ ಜೊತೆ ತಿರುಗುತ್ತದೆ. ಹೊರಬಳೆ ತನ್ನ ಗೂಡಿನಲ್ಲಿ ಸುಮ್ಮನೆ ಕೂತಿರುತ್ತದೆ. ಒಬ್ಬರು ತಿರುಗಿ, ಒಬ್ಬರು ಕೂತು, ಇಬ್ಬರಿಗೂ ಸವೆತವಾಗದಂತೆ ನೋಡಿಕೊಳ್ಳುವುದು ನಡುವಿನ ಗುಂಡುಗಳ ಕೆಲಸ. ನಮ್ಮ ಮೋಟಾರಿನದು 6308. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಶಾಫ್ಟಿನ ದಪ್ಪ ಸಿಗುತ್ತದಂತೆ, 40 ಮಿಲಿಮೀಟರು. ಬಳೆಗಾರ್ತಿಯ ಲೆಕ್ಕದ ಹಾಗೆಯೇ ಅಂದುಕೊಂಡೆ.

ಫಿಟ್ಟರು ಒಂದು ಗುಂಡನ್ನು ಎತ್ತಿ ಬೆಳಕಿಗೆ ಹಿಡಿದರು. “ಯಾರು ಹೊಡೆದದ್ದು ಇದಕ್ಕೆ?” ತಮ್ಮ ತಲೆ ತಗ್ಗಿಸಿದ. “ಹೊಡೆಯೋದು ತಪ್ಪಲ್ಲ. ಏಟು ಎಲ್ಲಿ ಹೋಗಿ ಕೂರುತ್ತೆ ಅಂತ ನೋಡ್ಬೇಕು. ಅಂಟಿರೋದು ಒಳಬಳೆ. ನೀವು ಎಳೆದಿರೋದು ಹೊರಬಳೆ. ನಡುವೆ ಇರೋ ಗುಂಡೇ ಎಲ್ಲಾ ಏಟು ತಿಂದಿದೆ ನೋಡಿ.” ಒಳಗಿನ ಬಳೆಯ ಹಾದಿಯಲ್ಲಿ ಸಾಲಾಗಿ ಗುಳಿಗಳು ಬಿದ್ದಿದ್ದವು. ಹೀಗಾದ ಬೇರಿಂಗನ್ನು ಮತ್ತೆ ಹಾಕಿದರೂ ಅದು ಸದ್ದು ಮಾಡುತ್ತದಂತೆ, ಬೇಗ ಹಾಳಾಗುತ್ತದಂತೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಾವೇ ನಗುತ್ತೇವೆ. ಆ ಕ್ಷಣ ನನಗೆ ನಗು ಬರಲಿಲ್ಲ. ಬಾಗಿಲಲ್ಲಿ ಅಮ್ಮ ಸೆರಗು ಹಿಡಿದು ನಿಂತಿದ್ದಳು. ಆರು ವರ್ಷದಲ್ಲಿ ಅವಳು ಎಷ್ಟು ಇಳಿದುಹೋಗಿದ್ದಾಳೆ ಎಂದು ಆಗ ಕಂಡಿತು. ನಾನು ತಮ್ಮನಿಗೆಂದು ಎಸೆದ ಒಂದೊಂದು ಮಾತೂ ಮೊದಲು ತಾಗಿದ್ದು ಅವಳಿಗೆ. ನಮ್ಮಿಬ್ಬರಿಗೆ ಏನೂ ಆಗಿರಲಿಲ್ಲ. ನಾವು ಅವರವರ ಜಾಗದಲ್ಲಿ ಗಟ್ಟಿಯಾಗಿಯೇ ಕೂತಿದ್ದೆವು.

ಅಂದು ಆ ಹಿರಿಯರು ಮಾಡಿದ್ದನ್ನು ನಾನು ಕಣ್ಣು ಕೀಳದೆ ನೋಡಿದೆ. ಒಳಬಳೆಗೆ ಹಿಡಿತವೇ ಸಿಗದಷ್ಟು ತುಕ್ಕು ಹಿಡಿದಿತ್ತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಇಕ್ಕಟ್ಟಿನಲ್ಲಿ ಬೆಳೆದಾಗ ತಾನೇ ಬಿಗಿಯಾಗುತ್ತದೆ. ಓಡಾಡುವ ಯಂತ್ರಕ್ಕಿಂತ ಸುಮ್ಮನೆ ನಿಂತದ್ದೇ ಬಿಚ್ಚಲು ಕಷ್ಟ. ಅವರು ಗ್ರೈಂಡರಿನಿಂದ ಬಳೆಯ ಮೇಲೆ ಒಂದು ಗೀರು ಕೊರೆದರು, ಶಾಫ್ಟಿಗೆ ಇನ್ನೇನು ತಾಗಬೇಕು ಎನ್ನುವಲ್ಲಿ ನಿಲ್ಲಿಸಿದರು. ಚೂರು ಸಿಡಿದರೆ ಕಣ್ಣು ಹೋಗುತ್ತದೆಂದು ನಮ್ಮನ್ನು ದೂರ ಕಳಿಸಿ, ತಾವು ಕನ್ನಡಕ ಹಾಕಿ, ಬಟ್ಟೆ ಸುತ್ತಿ, ಗೀರಿಗೆ ಉಳಿ ಇಟ್ಟು ಒಂದೇ ಏಟು. ಟಕ್ಕೆಂದು ಬಳೆ ಸೀಳಿತು. ಶಾಫ್ಟಿನ ಮೇಲೆ ಒಂದು ಗೆರೆಯೂ ಇಲ್ಲ. “ಬೇರಿಂಗು ಪೇಟೇಲಿ ಸಿಗುತ್ತೆ, ಶಾಫ್ಟು ಸಿಗಲ್ಲ” ಎಂದರು.

ಗಿರಣಿಯ ಗೂಡಿನೊಳಗೆ ಸಿಕ್ಕಿಕೊಂಡಿದ್ದ ಇನ್ನೊಂದು ಹೊರಬಳೆಗೆ ಉಳಿ ಇಡಲು ಜಾಗವೇ ಇರಲಿಲ್ಲ. ಅದಕ್ಕೆ ಬೇರೆ ಉಪಾಯ. ಬಳೆಯ ಒಳಮೈ ಸುತ್ತ ವೆಲ್ಡಿಂಗಿನ ಒಂದು ಸಾಲು ಎಳೆದು, ಬೀಡಿ ಹಚ್ಚಿ ಕೂತರು. ತಮ್ಮ ಸುತ್ತಿಗೆ ತರಲು ಹೋದ. “ಬೇಡ, ತಣೀಲಿ.” ಕರಗಿದ ಲೋಹ ತಣಿಯುತ್ತಾ ಕುಗ್ಗಿ ಬಳೆಯನ್ನೂ ಒಳಕ್ಕೆ ಸೆಳೆದುಕೊಂಡಿತು. ಹತ್ತಿಪ್ಪತ್ತು ನಿಮಿಷದ ಮೇಲೆ ಅದನ್ನು ಅವರು ಕೈಯಿಂದ ಎತ್ತಿ ಹೊರಗಿಟ್ಟರು. ಬಿಸಿಯಿದ್ದಾಗ ಅದು ಅಲ್ಲಾಡಿರಲಿಲ್ಲ.

ತಣಿಯುವ ಹೊತ್ತಿನಲ್ಲಿ ನಾನು ಮೊದಲ ಬಾರಿಗೆ ತಮ್ಮನೊಡನೆ ನೇರವಾಗಿ ಮಾತನಾಡಿದೆ. “ನಾನು ಸಹಿ ಹಾಕುವುದಿಲ್ಲ. ಆದರೆ ಗಿರಣಿ ಮಾರಿಸುವುದೂ ಇಲ್ಲ” ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಇದನ್ನೇ ನನಗೆ ಯಾಕೆ ಹೇಳಲಿಲ್ಲ?” ಎಂದ. ಉತ್ತರವಿರಲಿಲ್ಲ.

ಓದುವ ಗೆಳತಿಯರು ತಪ್ಪು ತಿಳಿಯಬಾರದು. ಬಿಟ್ಟುಕೊಡುವುದೇ ದೊಡ್ಡತನ ಎಂದು ಹೆಣ್ಣುಮಕ್ಕಳಿಗಷ್ಟೇ ಹೇಳಿಕೊಡುವ ಪಾಠವನ್ನು ನಾನು ಒಪ್ಪುವುದಿಲ್ಲ. ಪಾಲು ನನ್ನದೇ. ಈಗ ಕಾಗದದಲ್ಲಿ ಮೂವರ ಹೆಸರೂ ಇದೆ, ಗಿರಣಿ ಅವನು ನಡೆಸುತ್ತಾನೆ, ವರ್ಷಕ್ಕೊಮ್ಮೆ ಲೆಕ್ಕ ಕೊಡುತ್ತಾನೆ. ನಾನು ತಪ್ಪಿದ್ದು ಹಕ್ಕು ಕೇಳಿದ್ದರಲ್ಲಿ ಅಲ್ಲ, ಯಾರ ಮೂಲಕ ಕೇಳಿದೆ ಎಂಬುದರಲ್ಲಿ. ಬಲ ಹಾಕುವುದು ಕೆಲವೊಮ್ಮೆ ನ್ಯಾಯವೇ. ಅದು ಯಾರನ್ನು ದಾಟಿ ಹೋಗುತ್ತದೆ ಎಂದು ಕೇಳಿಕೊಳ್ಳದ ನ್ಯಾಯ ಅರ್ಧ ನ್ಯಾಯ.

ಹಾಗಾದರೆ ಕಚ್ಚಿಕೊಂಡದ್ದನ್ನೆಲ್ಲ ಬಿಡಿಸಲೇಬೇಕೆ? ಈ ಪ್ರಶ್ನೆ ಬಂದದ್ದು ಬೇಲೂರಿನಲ್ಲಿ. ಗಿರಣಿ ಶುರುವಾದ ಮೇಲೆ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ನವರಂಗದಲ್ಲಿ ನರಸಿಂಹ ಕಂಬವಿದೆ, ಮೈತುಂಬ ಪುಟ್ಟ ಪುಟ್ಟ ಶಿಲ್ಪಗಳು. ಒಂದು ಕಾಲಕ್ಕೆ ಈ ಕಂಬ ತಿರುಗುತ್ತಿತ್ತು, ಈಗ ತಿರುಗುವುದಿಲ್ಲ ಎಂದು ಗೈಡುಗಳು ಹೇಳುತ್ತಾರೆ. ಬಿಚ್ಚಿ ನೋಡೋಣವೆಂದು ಯಾರೂ ಹೊರಡುವುದಿಲ್ಲ, ಸದ್ಯ! ಅಮ್ಮ ತಲೆಯೆತ್ತಿ ನೋಡಿ, “ತಿರುಗದಿದ್ದರೆ ಏನಾಯ್ತು, ಮಾಡು ಹೊತ್ತಿದೆಯಲ್ಲ” ಎಂದಳು.

ಗಿರಣಿಯ ಶಾಫ್ಟು ತಿರುಗಲೇಬೇಕು; ಇಲ್ಲದಿದ್ದರೆ ಊರಿಗೆ ಹಿಟ್ಟಿಲ್ಲ. ಕಂಬ ನಿಂತರೆ ಸಾಕು. ತಮ್ಮ ಆ ವರ್ಷಗಳಲ್ಲಿ ಆಡಿದ ಒಂದೆರಡು ಮಾತು ಇನ್ನೂ ನನ್ನೊಳಗೆ ಅಂಟಿ ಕೂತಿವೆ. ಅವನ್ನು ಕೆದಕಿ ತೆಗೆಯಲು ಹೋಗಿಲ್ಲ. ಅವುಗಳ ಪಾಡಿಗೆ ಅವು ಇರಲಿ ಎಂದುಕೊಂಡಿದ್ದೇನೆ.

ಹೊಸ ಬೇರಿಂಗನ್ನು ಹಾಕಿದ್ದು ಹೇಗೆಂದು ಹೇಳಲು ಮರೆತೆ. ಎಣ್ಣೆಯಲ್ಲಿ ಕಾಯಿಸಿದರು, ನೂರು ಡಿಗ್ರಿ ದಾಟದ ಹಾಗೆ. ಬಳೆ ಹಿಗ್ಗುವುದು ಕೂದಲೆಳೆಯಷ್ಟೂ ಅಲ್ಲ, ಆದರೂ ಒಂದು ಏಟೂ ಇಲ್ಲದೆ ಶಾಫ್ಟಿನ ಮೇಲೆ ಸರ್ರನೆ ಇಳಿಯಿತು. ಅಮ್ಮ ಅದನ್ನು ನೋಡಿ, “ಸೋಪಿನ ನೀರಿನ ಹಾಗೆಯೇ” ಎಂದಳು. ಮರುವಾರ ಅವಳೇ ಒಂದು ಸೇರು ರಾಗಿ ತಂದು ತೊಟ್ಟಿಗೆ ಸುರಿದಳು. ಅಂದಿನಿಂದ ನಾನು ಫೋನು ಮಾಡಿದಾಗ ಅವಳು ಮಾತನಾಡುವುದು ಸೊಪ್ಪಿನ ಬೆಲೆ, ಮಂಡಿನೋವು, ತೆಂಗಿನ ನುಸಿ, ಇಂಥವನ್ನು ಮಾತ್ರ. ತಮ್ಮನಿಗೆ ಹೇಳಬೇಕಾದ್ದು ಇದ್ದರೆ ತಮ್ಮನ ನಂಬರಿಗೇ ಮಾಡುತ್ತೇನೆ.