ಚಿತ್ರ ಬರುವ ಮೊದಲು

ಎಂಟನೇ ತರಗತಿಯ ಆ ಹುಡುಗಿಯ ಅಕ್ಷರ ಮುತ್ತು ಪೋಣಿಸಿದಂತಿತ್ತು. ದಸರಾ ರಜೆಯ ನಂತರ ಅದು ಬರಬರುತ್ತಾ ಕೆಟ್ಟಿತು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು, ಓದಲು ನಿಲ್ಲಿಸಿದರೆ ಕಾರಣವಿಲ್ಲದೆ ನಗುತ್ತಿದ್ದಳು. ಉಡಾಫೆ ಎಂದುಕೊಂಡೆ ನಾನು. ಒಂದೇ ಪಾಠವನ್ನು ಹತ್ತು ಸಲ ಬರೆಯಲು ಹೇಳಿದೆ. ನಡುಗುವ ಕೈಯಲ್ಲೇ ಹತ್ತು ಸಲವೂ ಬರೆದು ತಂದಳು.

ಕೆಲವು ತಿಂಗಳ ಮೇಲೆ ಅವಳ ತಾಯಿ ದೊಡ್ಡ ಲಕೋಟೆಯೊಂದನ್ನು ಹಿಡಿದು ಶಾಲೆಗೆ ಬಂದರು. "ಟೀಚರ್, ಮೆದುಳಲ್ಲಿ ತಾಮ್ರ ಸೇರ್ಕೊಂಡಿದೆಯಂತೆ. ಇವಳು ಬೇಕೂಂತ ಮಾಡಿದ್ದಲ್ಲ" ಎಂದರು.

ಅದು ವಿಲ್ಸನ್ ಕಾಯಿಲೆ. 1912ರಲ್ಲಿ ಕಿನ್ನಿಯರ್ ವಿಲ್ಸನ್ ಎಂಬ ವೈದ್ಯರು ಇದನ್ನು ವಿವರವಾಗಿ ದಾಖಲಿಸಿದರು. ಊಟದಲ್ಲಿ ಬರುವ ಹೆಚ್ಚಿನ ತಾಮ್ರವನ್ನು ನಮ್ಮ ಯಕೃತ್ತು ಪಿತ್ತದ ಮೂಲಕ ಹೊರಹಾಕುತ್ತದೆ. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಪಡೆದ ಮಕ್ಕಳಲ್ಲಿ ಈ ಕೆಲಸ ಸರಿಯಾಗಿ ನಡೆಯದೆ ತಾಮ್ರ ಯಕೃತ್ತಿನಲ್ಲಿ, ಮೆದುಳಿನಲ್ಲಿ, ಕಣ್ಣಿನ ಕರಿಗುಡ್ಡೆಯ ಸುತ್ತ ಸೇರುತ್ತದೆ. ಎಂ.ಆರ್.ಐ. ಚಿತ್ರದಲ್ಲಿ ಕೆಲವರ ನಡುಮೆದುಳು ಪಾಂಡಾ ಕರಡಿಯ ಮುಖದಂತೆ ಕಾಣುತ್ತದೆ. ಎಲ್ಲರಲ್ಲೂ ಹಾಗೆ ಕಾಣದು. ರಕ್ತ, ಮೂತ್ರ, ಕಣ್ಣಿನ ಪರೀಕ್ಷೆಗಳೂ ಬೇಕು. ಬೇಗ ಗೊತ್ತಾದರೆ ಔಷಧಿಯಿದೆ, ಜೀವನಪರ್ಯಂತ ತೆಗೆದುಕೊಳ್ಳಬೇಕು. ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು.

ಆ ತಾಯಿ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ನನಗೇನೂ ಅರ್ಥವಾಗಲಿಲ್ಲ. ಆದರೂ ನನ್ನ ಸಿಟ್ಟು ಆ ಕ್ಷಣವೇ ಇಳಿದುಹೋಯಿತು. ನನ್ನನ್ನು ಇಂದಿಗೂ ಕಾಡುವುದು ಇದೇ. ನಡುಗುವ ಕೈ ತಿಂಗಳುಗಟ್ಟಲೆ ನನ್ನ ಕಣ್ಣೆದುರೇ ಇತ್ತು. ಅದನ್ನು ನಂಬದ ನಾನು, ಓದಲು ಬಾರದ ಚಿತ್ರವನ್ನು ನಂಬಿದೆ!

ಫಿಲ್ಮಿನಲ್ಲಿ ಏನೂ ಕಾಣದಿದ್ದರೆ? ಅವಳು ಉಡಾಫೆಯ ಹುಡುಗಿಯಾಗಿಯೇ ಉಳಿಯುತ್ತಿದ್ದಳಲ್ಲವೇ? ನಮ್ಮ ಮನೆಗಳಲ್ಲೂ ನಡೆಯುವುದು ಇದೇ. ಸೊಸೆ ಸೊಂಟನೋವು ಎನ್ನುತ್ತಾಳೆ. "ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ" ಎಂಬ ಮಾತು ಬಂದೊಡನೆ ಅವಳ ನೋವು ನೆಪವಾಗಿಬಿಡುತ್ತದೆ. ಯಂತ್ರ ತನಗೆ ಕಾಣುವುದನ್ನಷ್ಟೇ ತೋರಿಸುತ್ತದೆ. ಕಾಣದ್ದು ಸುಳ್ಳು ಎಂದು ಅದು ಹೇಳುವುದಿಲ್ಲ. ಹಾಗೆ ಹೇಳುವವರು ನಾವು.

ಮಕ್ಕಳನ್ನು ಗದರಲೇಬಾರದೇ ಎಂದು ಯಾರಾದರೂ ಕೇಳಬಹುದು. ಮೂವತ್ತು ವರ್ಷ ಪಾಠ ಹೇಳಿದ ನಾನು ಹಾಗೆನ್ನಲಾರೆ. ಆದರೆ ಗದರುವ ಮೊದಲು "ಯಾಕಮ್ಮ, ಕೈ ನಡುಗ್ತಿದೆ?" ಎಂದು ಕೇಳುವುದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ.

ಹುಡುಗಿ ಔಷಧಿ ತೆಗೆದುಕೊಳ್ಳುತ್ತಾ ಶಾಲೆಗೆ ಮರಳಿದಳು. ನಡುಕ ಕಡಿಮೆಯಾಯಿತು, ಅಕ್ಷರ ಮಾತ್ರ ಮೊದಲಿನಂತಾಗಲಿಲ್ಲ. ನಾನು ಅವಳಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡಿಸಿದೆ. ತಪ್ಪಾಯಿತು ಎಂಬ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಟೀಚರಾದವಳು ವಿದ್ಯಾರ್ಥಿನಿಗೆ ಹಾಗೆ ಹೇಳುವುದುಂಟೇ ಎಂಬ ಸಂಕೋಚ. ಈಗ ಅನಿಸುತ್ತದೆ, ಹೇಳಬೇಕಿತ್ತು.