ಮುಚ್ಚಿದ ಕಿವಿಯ ಲೆಕ್ಕ

ದುಬಾರಿ ಇಯರ್‌ಫೋನಿನ ದನಿಯನ್ನು ಅರ್ಧ ತೀರ್ಮಾನಿಸೋದು ಅದರ ತುದಿಯ ಟಿಪ್. 1991ರಲ್ಲಿ ಬಂದ ಎಟಿಮೋಟಿಕ್ ಇಆರ್-4ರ ಮೂರು ಸುತ್ತಿನ ಟಿಪ್ ಕಿವಿಯೊಳಗೆ ಆಳಕ್ಕೆ ಇಳಿಯುತ್ತೆ. ಮೊದಲೆರಡು ದಿನ ಕಿರಿಕಿರಿ. ಆಮೇಲೆ ಹಾಡುವವರ ಉಸಿರೂ ಬಿಡಿಬಿಡಿಯಾಗಿ ಕೇಳುತ್ತೆ, ಬೇಸ್ ಮಾತ್ರ ಮಿತ. ಸೆನ್‌ಹೈಸರ್ ಐಇ 900 ಅಷ್ಟು ಆಳಕ್ಕೆ ಹೋಗದೆ ಹಗುರಾಗಿ ಕೂರುತ್ತೆ. ಅದರ 7 ಮಿಲಿಮೀಟರ್ ಡ್ರೈವರ್‌ನಲ್ಲಿ ತಬಲಾದ ಡಗ್ಗ ತುಂಬಿ ಬರುತ್ತೆ. ಆದರೆ ಟಿಪ್ ಅಳತೆ ತಪ್ಪಿ ಸಣ್ಣ ಸಂದು ಉಳಿದರೂ ಎರಡರಲ್ಲೂ ಬೇಸ್ ಸೋರಿಹೋಗುತ್ತೆ.

ಅಂದರೆ ಒಳಗಿನ ದನಿ ಚೆನ್ನಾಗಬೇಕಾದರೆ ಹೊರಗಿನದನ್ನು ಮುಚ್ಚಲೇಬೇಕು. ನನ್ನ ಪ್ರಶ್ನೆ ಇರೋದು ಅಲ್ಲೇ. ನಮ್ಮೂರಲ್ಲಿ ಒಬ್ಬರ ಮನೆ ರೇಡಿಯೋ ಇಡೀ ಕೇರಿಯದು. ಯಾರ ದನಿ ಬೇಡ ಅಂತ ಆರಿಸಿಕೊಳ್ಳೋ ಅವಕಾಶವೇ ಇರಲಿಲ್ಲ. ಈಗ ಇದೆ, ಹಾಗಾಗಿ ಹೊಣೆಯೂ ಇದೆ. ಬಸ್ಸಿನ ಗದ್ದಲ ಮುಚ್ಚಿಕೊಂಡರೆ ಯಾರಿಗೂ ನಷ್ಟವಿಲ್ಲ; ವಾಲ್ಯೂಮ್ ಕಮ್ಮಿ ಸಾಕಾಗುತ್ತೆ, ಕಿವಿಗೂ ಒಳ್ಳೇದು. ಮನೆಯಲ್ಲಿ ಪಕ್ಕದವರು ಎರಡು ಸಲ ಕರೆದು ಸುಮ್ಮನಾದರೆ, ನಮ್ಮ ನೆಮ್ಮದಿಗೆ ಬೆಲೆ ಕೊಟ್ಟವರು ಅವರು.

ಮುಚ್ಚಿಕೊಳ್ಳೋದು ತಪ್ಪಲ್ಲ. ಗದ್ದಲಕ್ಕೆ ಮುಚ್ಚಿದ್ದೀವಾ, ಮನುಷ್ಯರಿಗಾ ಅಂತ ಕೇಳಿಕೊಂಡರಾಯ್ತು. ಮನೇಲಿ ನಾನು ಒಂದು ಕಿವಿ ಖಾಲಿ ಬಿಡ್ತೀನಿ. ಸ್ಟೀರಿಯೋ ಹೋಗುತ್ತೆ, ಹೋಗಲಿ.