ವಿಧಿಯೋ, ನಮ್ಮ ಮೌನವೋ?

1986ರ ಜನವರಿ 28ರಂದು ಅಮೆರಿಕದ ಫ್ಲಾರಿಡಾದಿಂದ ಮೇಲೆದ್ದ ಚಾಲೆಂಜರ್ ಗಗನನೌಕೆ 73 ಸೆಕೆಂಡುಗಳಲ್ಲಿ ಆಕಾಶದಲ್ಲೇ ಛಿದ್ರವಾಯಿತು. ಅದರಲ್ಲಿದ್ದ ಏಳು ಮಂದಿಯೂ ಮರಣ ಹೊಂದಿದರು. ಬಾಹ್ಯಾಕಾಶದಿಂದ ಮಕ್ಕಳಿಗೆ ಪಾಠ ಹೇಳಲು ಹೊರಟಿದ್ದ ಕ್ರಿಸ್ಟಾ ಮೆಕಾಲಿಫ್ ಎಂಬ ಅಧ್ಯಾಪಕಿಯೂ ಅವರಲ್ಲಿದ್ದರು. ಅದಕ್ಕೆ ಏಳು ತಿಂಗಳ ಹಿಂದೆ, 1985ರ ಜೂನ್‌ನಲ್ಲಿ, ಸೌದಿ ಅರೇಬಿಯದ ಸುಲ್ತಾನ್ ಬಿನ್ ಸಲ್ಮಾನ್ ಇಂತಹದೇ ಇನ್ನೊಂದು ನೌಕೆಯಲ್ಲಿ ಪ್ರಯಾಣಿಸಿ, ಬಾಹ್ಯಾಕಾಶ ಕಂಡ ಮೊದಲ ಮುಸ್ಲಿಮರೆನಿಸಿದ್ದರು. ಅವರು ಕ್ಷೇಮವಾಗಿ ಮರಳಿದರು. ಈ ಏಳು ಮಂದಿ ಮರಳಲಿಲ್ಲ.

ಮರಣದ ಗಳಿಗೆ ಅಲ್ಲಾಹನ ಬಳಿ ನಿಶ್ಚಿತವಾಗಿದೆಯೆಂದು ನಾವು ನಂಬುತ್ತೇವೆ. ಹಾಗಾದರೆ ಇಂತಹ ಸಾವುಗಳಿಗೆ ಯಾರನ್ನಾದರೂ ಹೊಣೆಯಾಗಿಸುವುದು ಸರಿಯೇ? ಉತ್ತರಿಸುವ ಮುನ್ನ ಹಿಂದಿನ ರಾತ್ರಿ ನಡೆದುದನ್ನು ಗಮನಿಸಿರಿ.

ರಾಕೆಟ್ಟಿನ ಭಾಗಗಳು ಕೂಡುವಲ್ಲಿ ಬಿಸಿ ಅನಿಲ ಸೋರದಂತೆ ತಡೆಯಲು ರಬ್ಬರಿನ ಬಳೆಗಳಿದ್ದವು. ಚಳಿ ಹೆಚ್ಚಾದರೆ ಅವು ಗಡುಸಾಗುತ್ತವೆ. ಆದ್ದರಿಂದ ನಾಳೆ ಉಡಾವಣೆ ಬೇಡವೆಂದು ರಾಕೆಟ್ ತಯಾರಿಸಿದ ಕಂಪೆನಿಯ ಇಂಜಿನಿಯರರು ಎಚ್ಚರಿಸಿದರು. ಅವರಲ್ಲೊಬ್ಬರಾದ ರೋಜರ್ ಬೋಜೊಲಿ ಆರು ತಿಂಗಳ ಹಿಂದೆಯೇ ಈ ಅಪಾಯವನ್ನು ಬರವಣಿಗೆಯಲ್ಲಿ ತಿಳಿಸಿದ್ದರು. ಆದರೆ ಉಡಾವಣೆ ಅದಾಗಲೇ ಹಲವು ಬಾರಿ ಮುಂದಕ್ಕೆ ಹೋಗಿತ್ತು. ನಾಸಾದ ಅಧಿಕಾರಿಗಳು ಅಸಮಾಧಾನ ತೋರಿದರು. ಕಂಪೆನಿಯ ಮೇಲಧಿಕಾರಿಗಳು ತಮ್ಮವರದೇ ಸಲಹೆಯನ್ನು ಬದಿಗಿಟ್ಟು ಒಪ್ಪಿಗೆ ನೀಡಿದರು. ಅಲನ್ ಮೆಕ್‌ಡೊನಾಲ್ಡ್ ಎಂಬವರು ಸಹಿ ಹಾಕಲು ನಿರಾಕರಿಸಿದಾಗ ಅವರ ಮೇಲಧಿಕಾರಿಯೇ ಸಹಿ ಹಾಕಿದರು. ಭಿನ್ನಾಭಿಪ್ರಾಯವಿದೆಯೇ ಎಂದು ದೂರವಾಣಿಯಲ್ಲಿ ಕೊನೆಗೊಮ್ಮೆ ಕೇಳಿದಾಗ ಯಾರೂ ಮಾತಾಡಲಿಲ್ಲ.

ಪಾಠ ಕಲಿತರೇ? 2003ರಲ್ಲಿ ಕೊಲಂಬಿಯ ನೌಕೆ ಮೇಲೇರುವಾಗ ನೊರೆಪದಾರ್ಥದ ತುಂಡೊಂದು ಅದರ ಎಡರೆಕ್ಕೆಗೆ ಬಡಿಯಿತು. ಹಾನಿಯನ್ನು ಪರೀಕ್ಷಿಸಲು ಚಿತ್ರ ತೆಗೆಸಿರೆಂದು ಇಂಜಿನಿಯರರು ಕೇಳಿದರೂ ಅದು ಆಗಲಿಲ್ಲ. ಫೆಬ್ರವರಿ 1ರಂದು ಮರಳುವ ದಾರಿಯಲ್ಲಿ ನೌಕೆ ನಾಶವಾಯಿತು. ಹರ್ಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿ ಮತ್ತೆ ಏಳು ಮಂದಿ ಮಡಿದರು.

ಆಕಾಶಗಳ ಸೃಷ್ಟಿಯ ಬಗ್ಗೆ ಚಿಂತಿಸಿರೆಂದು ಪವಿತ್ರ ಕುರ್‌ಆನ್ ನಮ್ಮನ್ನು ಪ್ರೇರೇಪಿಸುತ್ತದೆ. ಅರಿವಿಗಾಗಿ ಅಪಾಯಕ್ಕೆ ಎದೆಯೊಡ್ಡಿದವರನ್ನು ಗೌರವದಿಂದ ನೆನೆಯುವುದು ಸರಿಯೇ. ಆದರೆ ಅವರ ಧೈರ್ಯವನ್ನು ಹೊಗಳುತ್ತಾ ಇತರರ ಅಲಕ್ಷ್ಯವನ್ನು ಮರೆಸುವ ಸ್ಮರಣೆ ನ್ಯಾಯವಲ್ಲ. ಇನ್ನೊಬ್ಬರ ಪ್ರಾಣ ನಮ್ಮ ಕೈಯಲ್ಲಿರುವಾಗ ಅದು ಅಮಾನತ್. ಒಂಟೆಯನ್ನು ಕಟ್ಟಿದ ಬಳಿಕ ಅಲ್ಲಾಹನಲ್ಲಿ ಭರವಸೆಯಿಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಹಗ್ಗವನ್ನು ಕಟ್ಟದವನು ಒಂಟೆ ಕಳೆದ ಮೇಲೆ ವಿಧಿಯನ್ನು ನೆಪವಾಗಿಸುವಂತಿಲ್ಲ. ವಿಧಿಯ ಮೇಲಿನ ವಿಶ್ವಾಸವು ನೊಂದವನಿಗೆ ಸಾಂತ್ವನ. ತಪ್ಪಿತಸ್ಥನಿಗೆ ಅದು ಗುರಾಣಿಯಾಗಲಾರದು.

ಓದುಗರೇ, ನಾವು ಬಾಹ್ಯಾಕಾಶಕ್ಕೆ ಯಾರನ್ನೂ ಕಳುಹಿಸುವವರಲ್ಲ. ಆದರೆ ಶಾಲೆಯ ವ್ಯಾನಿನ ಬ್ರೇಕ್ ಸರಿಯಿಲ್ಲವೆಂದು ತಿಳಿದ ಚಾಲಕ, ಸಿಮೆಂಟು ಕಡಿಮೆ ಹಾಕಿದ್ದನ್ನು ಕಂಡ ಮೇಸ್ತ್ರಿ, ಮದ್ರಸದ ಗೋಡೆಯಲ್ಲಿ ಬಿರುಕು ನೋಡಿಯೂ ಅಧ್ಯಕ್ಷರ ಮುಖ ನೋಡಿ ಸುಮ್ಮನಾದ ಸಮಿತಿಯ ಸದಸ್ಯ, ಇವರೆಲ್ಲ ಆ ರಾತ್ರಿಯ ಸಭೆಯಲ್ಲಿ ಕುಳಿತವರಂತೆಯೇ. ಸ್ವಂತಕ್ಕೆ ಅಥವಾ ಬಂಧುಗಳಿಗೆ ಪ್ರತಿಕೂಲವಾದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂಬುದು ಸತ್ಯವಿಶ್ವಾಸಿಗಳಿಗಿರುವ ಆದೇಶ. ಆ ಸಾಕ್ಷ್ಯ ದುರಂತದ ಮೊದಲೇ ನುಡಿದರೆ ಒಂದು ಪ್ರಾಣ ಉಳಿದೀತು. ಆಮೇಲೆ ನುಡಿದರೆ ತನಿಖೆಯ ಕಡತ ಸೇರೀತು.

ನೌಕರಿಯ ಭಯ, ದೊಡ್ಡವರ ಮುಲಾಜು, ತಡವಾಗುತ್ತದೆಂಬ ಆತುರ, ಇವು ಯಾವುವೂ ಪರಲೋಕದ ವಿಚಾರಣೆಯಲ್ಲಿ ನಮ್ಮ ನೆರವಿಗೆ ಬಾರವು. ಹೇಳಬೇಕಾದ ಮಾತನ್ನು ಹೇಳಬೇಕಾದ ಹೊತ್ತಿನಲ್ಲಿ ಹೇಳುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.